"ಎಲ್ಲ ಸರಿ ಇದೆ" ಅಂದ ರಾತ್ರಿ

ಹೋದ ವಾರ ಪಾಳಿ ಬದಲಾಗುವ ಹೊತ್ತಿಗೆ ನಮ್ಮ ಸೈಟಿನ ಹೊಸ ಹುಡುಗ ಬೈಕ್ ಸ್ಟಾರ್ಟ್ ಮಾಡಿಕೊಂಡೇ "ಎಲ್ಲ ಸರಿ ಇದೆ ಅಣ್ಣ" ಅಂದ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲಿರುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಬೈಕ್ ಆಫ್ ಮಾಡಿಸಿದೆ. ಕೂರಿಸಿ, ಟೀ ಕೊಟ್ಟು, ಸಮುದ್ರದ ಮೇಲೆ ನಡೆದ ಒಂದು ವಿಷಯ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಗೋವಾದ ಒಂದು ದೋಣಿ ಯಾರ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಅಲ್ಲಿ ಪರಿಚಯವಾದ ಕ್ಯಾಪ್ಟನ್ ಒಬ್ಬರು ಒಂದು ಹಾಯಿದೋಣಿಯನ್ನು ಅಟ್ಲಾಂಟಿಕ್ ದಾಟಿಸಿ ಅದರ ಮಾಲೀಕರಿಗೆ ಒಪ್ಪಿಸಬೇಕಿತ್ತು. ನನ್ನನ್ನೂ ಕರೆದರು. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಪ್ರಯಾಣ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. 45 ಅಡಿ ದೋಣಿ, ಐದು ಜನ, ಇಪ್ಪತ್ತು ದಿನ. ಗಂಟೆಗೆ ಹತ್ತು ಕಿಲೋಮೀಟರ್ ಚಿಲ್ಲರೆ, ಸೈಕಲ್ ತುಳಿದಷ್ಟು ವೇಗ. ಆದರೆ ಹಗಲು ರಾತ್ರಿ ಎಲ್ಲೂ ನಿಲ್ಲುವುದಿಲ್ಲ.

ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೆವಲ್ಲ, ಅದೇ ಗಾಳಿ ಅಲ್ಲಿ ಈಶಾನ್ಯದಿಂದ ಬೀಸುತ್ತದೆ. 1492ರಲ್ಲಿ ಕೊಲಂಬಸ್ ಹೋಗಿದ್ದೂ ಇದೇ ಗಾಳಿ ಹಿಡಿದು. ಗಾಳಿ ಹಿಂದಿನಿಂದ ಬಂದರೆ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ, ಇಪ್ಪತ್ತು ದಿನವೂ. ಒಲೆಯನ್ನು ತೂಗುವ ಹಾಗೆ ಕೂರಿಸಿರುತ್ತಾರೆ. ದೋಣಿ ಎಷ್ಟು ವಾಲಿದರೂ ಪಾತ್ರೆ ನೆಟ್ಟಗಿರುತ್ತದೆ. ಮಲಗುವ ಕಡೆ ಪಕ್ಕಕ್ಕೆ ದಪ್ಪ ಬಟ್ಟೆ ಕಟ್ಟುತ್ತಾರೆ, ಕೂಸನ್ನು ಜೋಲಿಯಲ್ಲಿ ಹಾಕಿದ ಹಾಗೆ. ಬೆಳಗ್ಗೆ ಎದ್ದರೆ ಡೆಕ್ ಮೇಲೆ ಹಾರುವ ಮೀನುಗಳು ಬಿದ್ದಿರುತ್ತವೆ. ಅವನ್ನು ಎತ್ತಿ ಹಾಕುವುದೇ ದಿನದ ಮೊದಲ ಕೆಲಸ.

ರಾತ್ರಿಯನ್ನು ಮೂರು ಮೂರು ಗಂಟೆಯ ಪಾಳಿ ಮಾಡಿದ್ದರು. ನನ್ನದು ಹನ್ನೆರಡರಿಂದ ಮೂರು. ಮೆಟ್ಟಿಲು ಹತ್ತಿ ಹೊರಗೆ ಬರುವ ಮುಂಚೆಯೇ ಸುರಕ್ಷತಾ ಬೆಲ್ಟಿನ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಬೇಕು, ಆಮೇಲೆ ಅಲ್ಲ. ಚುಕ್ಕಾಣಿಯನ್ನು ಆಟೋಪೈಲಟ್ ಹಿಡಿದಿರುತ್ತದೆ. ನಮ್ಮ ಕೆಲಸ ನೋಡುವುದು, ಕೇಳುವುದು. ಹತ್ತು ನಿಮಿಷಕ್ಕೊಮ್ಮೆ ಸುತ್ತ ಕಣ್ಣು ಹಾಯಿಸಬೇಕು. ದಿಗಂತದಲ್ಲಿ ಕಂಡ ಹಡಗು ಇಪ್ಪತ್ತು ನಿಮಿಷದೊಳಗೆ ಮೈಮೇಲೆ ಬರಬಹುದು. ಹಗ್ಗ ಎಲ್ಲಾದರೂ ಉಜ್ಜುತ್ತಿದೆಯಾ, ಹಿಂದೆ ಕಪ್ಪು ಮೋಡ ಏಳುತ್ತಿದೆಯಾ ಅಂತ ಗಮನಿಸಬೇಕು. ಗಂಟೆಗೊಮ್ಮೆ ಪುಸ್ತಕದಲ್ಲಿ ಜಾಗ, ಗಾಳಿ, ಬ್ಯಾಟರಿ ಎಲ್ಲ ಬರೆಯಬೇಕು.

ಒಂಬತ್ತನೇ ರಾತ್ರಿ, ಎರಡೂವರೆ ಹೊತ್ತಿಗೆ, ಒಳಗೆ ನೀರಿನ ಪಂಪು "ಗುರ್" ಅಂದು ಎರಡು ಸೆಕೆಂಡಿಗೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಆ ಪಂಪು ಹೇಗಂದರೆ, ನಲ್ಲಿ ತಿರುಗಿಸಿದಾಗ ಪೈಪಿನ ಒತ್ತಡ ಇಳಿಯುತ್ತದೆ, ಆಗ ತಾನೇ ಓಡುತ್ತದೆ. ನಲ್ಲಿ ಮುಚ್ಚಿದರೆ ನಿಲ್ಲುತ್ತದೆ. ಎಲ್ಲರೂ ಮಲಗಿರುವಾಗ ಓಡಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೆಕ್ಯಾನಿಕ್ ಆದ ನನಗೆ ಇದು ಗೊತ್ತಿತ್ತು. ಆದರೂ ಯಾರೋ ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡೆ. ಮೂರು ಗಂಟೆಗೆ ಮುಂದಿನವರು ಬಂದರು. ಕಣ್ಣು ಎಳೆಯುತ್ತಿತ್ತು. "ಎಲ್ಲ ಸರಿ ಇದೆ" ಅಂದು ಇಳಿದು ಮಲಗಿಬಿಟ್ಟೆ.

ಬೆಳಗ್ಗೆ ಕಾಫಿಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಸಿಂಕಿನ ಕೆಳಗೆ ಪೈಪಿನ ಕ್ಲಿಪ್ಪು ಸಡಿಲವಾಗಿ, ಕೊನೆಗೆ ಪೈಪೇ ಕಳಚಿಕೊಂಡಿತ್ತು. ಒಂದು ಟ್ಯಾಂಕಿನ ನೀರೆಲ್ಲ, ಸುಮಾರು 180 ಲೀಟರ್, ದೋಣಿಯ ತಳಕ್ಕೆ ಹೋಗಿ, ತಳದ ಪಂಪು ಅದನ್ನೆಲ್ಲ ಸಮುದ್ರಕ್ಕೆ ಎಸೆದಿತ್ತು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಆ ದೋಣಿಯಲ್ಲಿ ಇರಲಿಲ್ಲ. ಇನ್ನೂ ಹನ್ನೊಂದು ದಿನದ ದಾರಿ.

ನಾನೇ ಹೋಗಿ ಹೇಳಿದೆ, ರಾತ್ರಿ ಸದ್ದು ಕೇಳಿದ್ದೆ ಅಂತ. ಕ್ಯಾಪ್ಟನ್ ಕೂಗಾಡಲಿಲ್ಲ. "ಎಷ್ಟು ಗಂಟೆಗೆ?" ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನನ್ನ ನಂತರ ಪಾಳಿಗೆ ಬಂದವರನ್ನು ಕರೆದು ಕೇಳಿದರು. ಅವರಿಗೂ ಪಂಪಿನ ಸದ್ದು ಕೇಳಿಸಿತ್ತಂತೆ. "ಇವನು ಎಲ್ಲ ಸರಿ ಇದೆ ಅಂದಿದ್ದ, ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ" ಅಂದರು. ನನಗೆ ನೀರು ಹೋದದ್ದಕ್ಕಿಂತ ಈ ಮಾತು ಜಾಸ್ತಿ ನೋವಾಯಿತು. ನಾನು ಹೇಳದೇ ಬಿಟ್ಟಿದ್ದಷ್ಟೇ ಅಲ್ಲ, ಅವರ ಕಿವಿಯನ್ನೂ ಮುಚ್ಚಿದ್ದೆ.

ಅವತ್ತಿನಿಂದ ಪಾಳಿ ಒಪ್ಪಿಸುವ ರೀತಿ ಬದಲಾಯಿತು. ಇಬ್ಬರೂ ಹೊರಗೆ ಐದು ನಿಮಿಷ ಜೊತೆಗೆ ಕೂರಬೇಕು. ಕಂಡದ್ದು, ಕೇಳಿದ್ದು, ವಾಸನೆ ಬಂದದ್ದು, ಬರೀ ಅನುಮಾನ ಅನ್ನಿಸಿದ್ದು, ಎಲ್ಲ ಹೇಳಬೇಕು. ಬಂದವರ ಕಣ್ಣು ಕತ್ತಲೆಗೆ ಸ್ವಲ್ಪವಾದರೂ ಹೊಂದಿಕೊಳ್ಳಲು ಆ ಸಮಯ ಬೇಕು. ರಾತ್ರಿ ನೀರಿನ ಪಂಪಿನ ಸ್ವಿಚ್ಚೇ ಬಂದ್.

ಉಳಿದ ನೀರನ್ನು ಅಳೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಇನ್ನೊಂದು ಟ್ಯಾಂಕು, ಬಾಟಲಿ ಎಲ್ಲ ಸೇರಿ 260 ಲೀಟರ್ ಇತ್ತು. ಕುಡಿಯಲು, ಅಡುಗೆಗೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂತ ಇಟ್ಟೆ. ಅನ್ನಕ್ಕೆ ಎರಡು ಪಾಲು ಸಿಹಿನೀರು, ಒಂದು ಪಾಲು ಸಮುದ್ರದ ನೀರು. ಬೇರೆ ಉಪ್ಪು ಬೇಡವೇ ಬೇಡ. ಪಾತ್ರೆ ತೊಳೆಯುವುದು, ಸ್ನಾನ ಎಲ್ಲ ಸಮುದ್ರದ ನೀರಲ್ಲೇ. ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಮೈ ಒರೆಸಿಕೊಳ್ಳುವುದು. ಉಳಿದವರಿಗೆ ಇದು ಕಷ್ಟವಾಯಿತು. ನನಗೆ ಇದೆಲ್ಲ ಮನೆಯಲ್ಲೇ ಅಭ್ಯಾಸ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ ಅಕ್ಕಿ ತೊಳೆದ ನೀರನ್ನು ಅಮ್ಮ ಚೆಲ್ಲುತ್ತಿರಲಿಲ್ಲ, ಗಿಡಕ್ಕೆ ಹಾಕುತ್ತಿದ್ದರು. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನೀರು ನೋಡಿ ಕೈ ಮುಗಿದು ನಿಂತುಬಿಟ್ಟಿದ್ದರು. ಆ ಮನೆಯಲ್ಲಿ ಬೆಳೆದ ನಾನು 180 ಲೀಟರ್ ಸಮುದ್ರಕ್ಕೆ ಬಿಟ್ಟೆನಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಸೇಂಟ್ ಲೂಸಿಯಾ ಮುಟ್ಟಿದಾಗ ಇನ್ನೂ 90 ಲೀಟರ್‌ಗೂ ಹೆಚ್ಚು ನೀರಿತ್ತು.

ಹುಡುಗ ಸುಮ್ನೆ ಕೇಳಿದ. ಟೀ ಆರಿಹೋಗಿತ್ತು. ಪಾಳಿ ಪುಸ್ತಕದಲ್ಲಿ ನಾವೀಗ "ಅನುಮಾನ" ಅಂತ ಒಂದು ಕಾಲಂ ಗೆರೆ ಹಾಕಿಕೊಂಡಿದ್ದೇವೆ. ಕಾರಣ ಗೊತ್ತಿರಬೇಕು ಅಂತಿಲ್ಲ, ಅನ್ನಿಸಿದ್ದನ್ನು ಬರೆದರೆ ಸಾಕು. ನಿನ್ನೆ ಸಂಜೆ ಅವನ ಅಕ್ಷರದಲ್ಲಿ ಹೀಗಿತ್ತು: "5ನೇ ಯಂತ್ರ. ಗಾಳಿ ಕಮ್ಮಿಯಾದಾಗ ಮೇಲಿಂದ ಟಿಕ್ ಅಂತ ಸದ್ದು. ಎರಡು ಸಲ." ಇವತ್ತು ಬೆಳಗ್ಗೆ ಮೊದಲು ಅದನ್ನೇ ಹತ್ತುತ್ತಿದ್ದೇವೆ.