ಮೆಟಾಲಿಕಾ ಇನ್ನೂ ಕೇಳ್ತೀಯಾ?

ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಕೇಳುವವರು ನಾಲ್ಕು ಜನ ಸೇರಿದರೆ, ಆ ಸಂಗೀತದ ಅಮೆರಿಕನ್ ಬ್ಯಾಂಡ್ ಮೆಟಾಲಿಕಾ ಬಗ್ಗೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಅಲ್ಲ ಮಾರಾಯ, ಇನ್ನೂ ಮೆಟಾಲಿಕಾನೇ? ಅವರು ಯಾವತ್ತೋ ದುಡ್ಡಿಗೆ ಮಾರಿಕೊಂಡರಲ್ಲ!" ಹಾಗೆ ಕೇಳುವಾಗ ಅವರ ಮುಖದಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ.

ಯಾವತ್ತೋ ಅಂದರೆ ಯಾವತ್ತು ಅಂತ ನಾನು ತಿರುಗಿ ಕೇಳುತ್ತೇನೆ. ಮಜಾ ಇರೋದೇ ಇಲ್ಲಿ. ಒಬ್ಬರು 1991 ಅನ್ನುತ್ತಾರೆ. ಆ ವರ್ಷ ಬಂದ ಕಪ್ಪು ಹೊದಿಕೆಯ ಆಲ್ಬಂನಲ್ಲಿ ವೇಗ ಇಳಿಯಿತು, ಹಾಡುಗಳು ಗಿಡ್ಡವಾದವು, ರೇಡಿಯೋದಲ್ಲೂ ಬಂದವು. ಇನ್ನೊಬ್ಬರು 1996ರ 'ಲೋಡ್' ಆಲ್ಬಂ ಅನ್ನುತ್ತಾರೆ, ಉದ್ದ ಕೂದಲು ಕತ್ತರಿಸಿಕೊಂಡದ್ದೇ ದೊಡ್ಡ ದ್ರೋಹ ಅನ್ನುವ ಹಾಗೆ. ಆದರೆ ಈ ದೂರು ಶುರುವಾಗಿದ್ದು 1984ರಲ್ಲೇ. ಎರಡನೇ ಆಲ್ಬಂನಲ್ಲಿ 'ಫೇಡ್ ಟು ಬ್ಲ್ಯಾಕ್' ಅನ್ನುವ ಹಾಡಿದೆ. ನಿಧಾನದ ಹಾಡು, ಅಕೂಸ್ಟಿಕ್ ಗಿಟಾರ್‌ನಿಂದ ಶುರುವಾಗುತ್ತದೆ. ಅಷ್ಟಕ್ಕೇ ಹಳೇ ಫ್ಯಾನ್‌ಗಳು ಕೆಲವರು ಸಿಟ್ಟಾದರು. ಮೊದಲ ಆಲ್ಬಂ ಬಂದು ಆಗಿನ್ನೂ ಒಂದೇ ವರ್ಷ! ಈಗ "ನಮಗೆ ಹಳೇ ಮೆಟಾಲಿಕಾ ಬೇಕು" ಅನ್ನುವವರು ಕಣ್ಣು ಮುಚ್ಚಿ ಕೇಳೋದು ಅದೇ ಹಾಡನ್ನು.

ಹಾಗಂತ ಅವರು ಮಾಡಿದ್ದೆಲ್ಲ ಸರಿ ಅಂತ ವಾದಿಸುವವನು ನಾನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇರಬಹುದು, ಆದರೆ ಹೆಗ್ಗಣವನ್ನು ನಾನು ಹೆಗ್ಗಣ ಅಂತಲೇ ಕರೆಯುತ್ತೇನೆ. 2003ರ 'ಸೇಂಟ್ ಆಂಗರ್' ಆಲ್ಬಂ ತಗೊಳ್ಳಿ. ಸ್ನೇರ್ ಡ್ರಮ್‌ನ ಅಡಿಯಲ್ಲಿ ತೆಳ್ಳನೆಯ ತಂತಿಗಳಿರುತ್ತವೆ. ಅವು ಕೆಳಗಿನ ಹಾಳೆಗೆ ತಾಗಿ ನಡುಗುವುದರಿಂದಲೇ ಆ ಛಟೀರ್ ಅನ್ನುವ ಸದ್ದು ಬರೋದು. ಡ್ರಮ್ಮರ್ ಲಾರ್ಸ್ ಉಲ್ರಿಚ್ ಆ ತಂತಿಗಳನ್ನು ಬಿಚ್ಚಿಟ್ಟ ಹಾಗೆ ಬಾರಿಸಿದರು. ಖಾಲಿ ಡಬ್ಬ ಬಡಿದಂತಿದೆ. ಸಾಲದ್ದಕ್ಕೆ ಒಂದೂ ಗಿಟಾರ್ ಸೋಲೋ ಇಲ್ಲ, ಅದೂ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನಂಥವರನ್ನು ಜೊತೆಗಿಟ್ಟುಕೊಂಡು! ಮೊದಲ ಸಲ ಕೇಳಿದಾಗ ನನ್ನ ಸ್ಪೀಕರ್ ಕೆಟ್ಟಿದೆ ಅಂದುಕೊಂಡು ವೈರ್ ಕಿತ್ತು ಮತ್ತೆ ಸಿಕ್ಕಿಸಿದ್ದೆ.

ಆದರೆ ಆ ಹೊತ್ತಿಗೆ ಬ್ಯಾಂಡೇ ಮುರಿದು ಬೀಳುವುದರಲ್ಲಿತ್ತು. ಬೇಸ್ ಗಿಟಾರ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋದರು. ಅದೇ ವರ್ಷ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದರು. ವಾಪಸ್ ಬಂದ ಮೇಲೂ ದಿನಕ್ಕೆ ನಾಲ್ಕೇ ಗಂಟೆ ಕೆಲಸ. ಆಲ್ಬಂನಲ್ಲಿ ಬೇಸ್ ನುಡಿಸಿದ್ದು ಪ್ರೊಡ್ಯೂಸರ್ ಬಾಬ್ ರಾಕ್. ಈ ಜಗಳ, ಕೂಗಾಟ, ಅಳು ಎಲ್ಲವನ್ನೂ ಕ್ಯಾಮೆರಾ ಮುಂದೆ ಬಿಚ್ಚಿಟ್ಟು 2004ರಲ್ಲಿ ಸಾಕ್ಷ್ಯಚಿತ್ರ ಮಾಡಿ ಬಿಟ್ಟರು. ಜನ ನಕ್ಕರು. ಕೋಟ್ಯಧೀಶರು ಮನಶ್ಶಾಸ್ತ್ರದವನನ್ನು ನಡುವೆ ಕೂರಿಸಿಕೊಂಡು ಕಚ್ಚಾಡುವುದು ತಮಾಷೆಯೇ, ಇಲ್ಲ ಅನ್ನಲ್ಲ. ನಾನೂ ನಕ್ಕೆ. ಆಮೇಲೆ ಆ ಆಲ್ಬಂ ಕೇಳಿದಾಗ ಡಬ್ಬದ ಸದ್ದು ಅಷ್ಟು ಚುಚ್ಚಲಿಲ್ಲ. ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲದ ಮನೆಯೊಳಗಿನ ಸದ್ದು ಅದು ಅನ್ನಿಸಿತು.

ಜನ ಇಂಟರ್ನೆಟ್ ಮೂಲಕ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಮುಜುಗರ. 2000ದಲ್ಲಿ ಅವರ ಇನ್ನೂ ಮುಗಿಯದ ಹಾಡೊಂದು ರೇಡಿಯೋದಲ್ಲಿ ಬಂತು. ಅದರ ಜಾಡು ಹಿಡಿದು ನ್ಯಾಪ್‌ಸ್ಟರ್ ಮೇಲೆ ಕೇಸ್ ಹಾಕಿದರು. ತಮ್ಮ ಹಾಡು ಯಾರಿಗೆ ಹೇಗೆ ಸಿಗಬೇಕು ಅಂತ ಹೇಳುವ ಹಕ್ಕು ಅವರಿಗೆ ಇತ್ತು, ಒಪ್ಪುತ್ತೇನೆ. ಆದರೆ 3 ಲಕ್ಷಕ್ಕೂ ಜಾಸ್ತಿ ಬಳಕೆದಾರರ ಹೆಸರಿನ ಪಟ್ಟಿ ಹಿಡಿದು ಹೋಗಿ ಇವರನ್ನೆಲ್ಲ ತೆಗೆದುಹಾಕಿ ಅಂದದ್ದು? ಶುರುವಿನಲ್ಲಿ ಇವರ ಡೆಮೊ ಕ್ಯಾಸೆಟ್ ಊರೂರು ತಲುಪಿದ್ದೇ ಫ್ಯಾನ್‌ಗಳು ಕಾಪಿ ಮಾಡಿ ಹಂಚಿದ್ದರಿಂದ. ಅದನ್ನು ಮರೆಯಬಾರದಿತ್ತು.

ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ 2011ರ 'ಲುಲು' ಆಲ್ಬಂ ಬಗ್ಗೆ ಏನೂ ಕೇಳಬೇಡಿ. ಎರಡು ಸಲ ಕೂತು ಕೇಳಿದೆ, ಸಾಕು.

ಮತ್ತೆ ಯಾಕೆ ಬಿಡಲ್ಲ? 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನಂಥದ್ದನ್ನೇ ವರ್ಷಕ್ಕೊಂದು ಮಾಡಿಕೊಂಡು ಅವರು ಹಾಯಾಗಿ ಇರಬಹುದಿತ್ತು. ಯಾರೂ ಬೈಯುತ್ತಿರಲಿಲ್ಲ. ನಾನೂ ಬಹುಶಃ ಹತ್ತು ವರ್ಷಕ್ಕೇ ಬೇಜಾರಾಗಿ ಎದ್ದು ಹೋಗುತ್ತಿದ್ದೆ. ಮುಂದಿನ ಸಲ ಏನು ಎಡವಟ್ಟು ಮಾಡುತ್ತಾರೋ ಅನ್ನುವ ಕುತೂಹಲವೂ ನನ್ನನ್ನು ಹಿಡಿದಿಟ್ಟಿದೆ ಅಂದರೆ ನಂಬುತ್ತೀರಾ?

ಇದನ್ನು ಬರೆಯುವ ಮೊದಲು 'ಸೇಂಟ್ ಆಂಗರ್' ಮತ್ತೆ ಹಾಕಿದೆ. ಡಬ್ಬ ಇನ್ನೂ ಡಬ್ಬವೇ. ಆದರೆ ಮೂರನೇ ಹಾಡಿನ ಹೊತ್ತಿಗೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದ್ದೆ.