ಮಾವನ ಆಡಿಟ್ ಆಫೀಸಿಗೆ ಹೊಸ ಕೇಬಲ್: ನಾಲ್ಕು ಭಾನುವಾರದ ಕೆಲಸ

ಮೊದಲ ಭಾನುವಾರ

ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಸೋದರಮಾವನ ಆಡಿಟ್ ಆಫೀಸ್ ಇದೆ. ಅಡಿಕೆ ಮಂಡಿಯವರು, ಕೊಬ್ಬರಿ ವ್ಯಾಪಾರಿಗಳ ಲೆಕ್ಕವೇ ಜಾಸ್ತಿ. ತಿಂಗಳ 20ನೇ ತಾರೀಕು ಹತ್ತಿರ ಬಂತು ಅಂದರೆ ಜಿಎಸ್‌ಟಿ ರಿಟರ್ನ್ ಕೆಲಸಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಸರಿಯಾಗಿ ಆಗಲೇ ಎರಡು ಸಿಸ್ಟಂಗಳಿಗೆ ಆಫೀಸಿನ ಸರ್ವರ್ ಸಿಗುವುದಿಲ್ಲ.

"ಸಿಸ್ಟಂಗಳನ್ನೆಲ್ಲಾ ಸೇರಿಸೋ ನೆಟ್‌ವರ್ಕ್ ಸ್ವಿಚ್ ಹೊಸದು ಹಾಕಿದ್ದಾಯ್ತು, ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿದ್ದಾಯ್ತು. ನೀನೇ ಒಂದ್ಸಲ ಬಂದು ನೋಡೋ" ಅಂದರು ಮಾವ. ನನ್ನ ಉದ್ಯೋಗ ಬೇರೆ. ಆದರೆ ನೆಟ್‌ವರ್ಕ್ ಕೆಲಸ ಅಂದರೆ ಭಾನುವಾರ ಪೂರ್ತಿ ಕೊಡೋಕೆ ನಾನು ರೆಡಿ.

ತೊಂದರೆ ಇದ್ದ ಲೈನಿಗೆ ಕೇಬಲ್ ಟೆಸ್ಟರ್ ಹಾಕಿದೆ. ಎಂಟೂ ದೀಪ ಒಂದರ ಹಿಂದೆ ಒಂದು ಸರಿಯಾಗಿ ಹತ್ತಿದವು. ಹಾಗಾದರೆ ಕೇಬಲ್ ಸರಿ ಇದೆ ಅಂದುಕೊಳ್ಳಬೇಕು, ಅಲ್ವಾ? ತುದಿಯ ಜಾಕ್ ಹತ್ತಿರ ಹಿಡಿದು ಬಣ್ಣ ನೋಡಿದಾಗ ವಿಷಯ ಗೊತ್ತಾಯಿತು. ಹಿಂದೆ ಯಾರೋ ಜೋಡಿ ಜೋಡಿಯಾಗಿ ಪಕ್ಕಪಕ್ಕದಲ್ಲೇ ಕೂರಿಸಿದ್ದಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ನೋಡೋಕೆ ಅಚ್ಚುಕಟ್ಟಾಗಿದೆ. ಎರಡೂ ತುದಿಯಲ್ಲಿ ಒಂದೇ ತರ ಇರುವುದರಿಂದ ದೀಪವೂ ಹತ್ತುತ್ತದೆ. ಆದರೆ ಇದು ತಪ್ಪು.

ಕೇಬಲ್ ಒಳಗಿನ ಎಂಟು ತಂತಿಗಳನ್ನು ನಾಲ್ಕು ಜೋಡಿ ಮಾಡಿ ಹುರಿ ಹಾಕಿರುತ್ತಾರೆ. ಒಂದು ಜೋಡಿಯ ಎರಡು ತಂತಿಯಲ್ಲಿ ಒಂದೇ ಸಿಗ್ನಲ್ ಹೋಗುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ಉಲ್ಟಾ. ಹೊರಗಿನ ವಿದ್ಯುತ್ ಗದ್ದಲ ಬಂದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮ ತಗಲುತ್ತದೆ. ಆ ಕಡೆ ಇರುವ ನೆಟ್‌ವರ್ಕ್ ಕಾರ್ಡ್ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಹುರಿಯ ಕೆಲಸವೇ ಅದು. ಜಾಕಿನ ಎಂಟು ಪಿನ್ನುಗಳಲ್ಲಿ 3 ಮತ್ತು 6ನೇ ಪಿನ್ನು ಒಂದೇ ಜೋಡಿಗೆ ಸೇರಬೇಕು. ಇಲ್ಲಿ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯ ತಂತಿ ಬಂದಿತ್ತು. ಹುರಿ ಇದ್ದೂ ಪ್ರಯೋಜನ ಇಲ್ಲ. ದೀಪದ ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅಂತ ಮಾತ್ರ ಅದು ಹೇಳುತ್ತದೆ.

ಇನ್ನೊಂದು ಸಿಸ್ಟಂನಲ್ಲಿ ಒಂದು ತಂತಿ ಒಳಗೇ ತುಂಡಾಗಿತ್ತು. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಮೆಗಾಬಿಟ್‌ಗೆ, ನಾಲ್ಕೂ ಬೇಕು. ಹಾಗಾಗಿ ಲಿಂಕ್ 100ಕ್ಕೆ ಇಳಿದು ಕೂತಿತ್ತು. ನಿಮ್ಮ ಆಫೀಸಿನಲ್ಲೂ ಒಂದೇ ಸಿಸ್ಟಂ 100 ತೋರಿಸಿ ಉಳಿದವು 1000 ತೋರಿಸಿದರೆ ಮೊದಲು ಕೇಬಲ್ ನೋಡಿ.

ಹೇಗೂ ಗೋಡೆಗೆ ಬಣ್ಣ ಹೊಡೆಸುವವರಿದ್ದರು. ಪೂರ್ತಿ ಹೊಸದಾಗಿ ಎಳೆಯೋಣ ಅಂತ ತೀರ್ಮಾನವಾಯಿತು.

ಎರಡನೇ ಭಾನುವಾರ

ಅಳತೆ. ಒಟ್ಟು 14 ಪಾಯಿಂಟ್: ಒಂಬತ್ತು ಸಿಸ್ಟಂ, ಒಂದು ಪ್ರಿಂಟರ್, ಮೂರು ಕ್ಯಾಮೆರಾ, ಒಂದು ವೈಫೈ. ನೆಲದ ಮೇಲೆ ಟೇಪ್ ಹಿಡಿದು ನೋಡಿದಾಗ 160 ಮೀಟರ್ ಬಂತು. ಗೋಡೆ ಹತ್ತಿ ಇಳಿಯುವುದನ್ನೂ ಸೇರಿಸಿದರೆ 236! ಸ್ವಿಚ್ ಇಡುವ ರ‍್ಯಾಕ್ ಹತ್ತಿರ ಸುತ್ತಿಡಲು ಸ್ವಲ್ಪ ಬಿಟ್ಟರೂ 305 ಮೀಟರಿನ ಒಂದು ಬಾಕ್ಸ್ ಸಾಕು. ಅತಿ ಉದ್ದದ ಲೈನ್ 31 ಮೀಟರ್.

ಯಾವ ಕೇಬಲ್ ಅನ್ನುವುದಕ್ಕೆ ತುಂಬಾ ತಲೆ ಕೆಡಿಸಿಕೊಂಡೆ. ಕೇಬಲಿನ ದರ್ಜೆಗೆ ಕ್ಯಾಟ್ ಅನ್ನುತ್ತಾರೆ, ನಂಬರ್ ಜಾಸ್ತಿ ಆದಷ್ಟು ದರ್ಜೆ ಮೇಲೆ. ನಿಜ ಹೇಳಬೇಕೆಂದರೆ ಗಿಗಾಬಿಟ್‌ಗೆ ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಆರಾಮಾಗಿ ಓಡುತ್ತದೆ. ಆದರೆ ಗೋಡೆ ಒಳಗೆ ಹೋಗುವುದನ್ನು ಹತ್ತು ಹದಿನೈದು ವರ್ಷ ಯಾರೂ ಮುಟ್ಟುವುದಿಲ್ಲ. ಕ್ಯಾಟ್ 6 ಆದರೆ ಒಳ್ಳೆಯ ಪರಿಸ್ಥಿತಿಯಲ್ಲಿ 55 ಮೀಟರ್ ತನಕ 10 ಗಿಗಾಬಿಟ್ ಕೂಡ ಹೋಗುತ್ತದೆ. ನಮ್ಮ ಉದ್ದಕ್ಕೆ ಅದು ಸರಿಹೊಂದುತ್ತದೆ. ಕ್ಯಾಟ್ 6ಎ 100 ಮೀಟರ್ ಪೂರ್ತಿ 10 ಗಿಗಾಬಿಟ್ ಕೊಡುತ್ತದೆ, ನಿಜ. ಆದರೆ ದಪ್ಪ. ನಮ್ಮ ಸಣ್ಣ ಪೈಪಿನ ಬೆಂಡುಗಳಲ್ಲಿ ಅದನ್ನು ತೂರಿಸುವುದು ಕಷ್ಟ. ಬಿಟ್ಟೆ.

"ಶೀಲ್ಡ್ ಇರೋದು ತಗೊಳ್ಳಿ ಸರ್, ಅದೇ ಬೆಸ್ಟ್" ಅಂದರು ಅಂಗಡಿಯಲ್ಲಿ. ಶೀಲ್ಡ್ ಅಂದರೆ ತಂತಿಗಳ ಸುತ್ತ ಗದ್ದಲ ತಡೆಯುವ ಲೋಹದ ಹೊದಿಕೆ. ಅದಕ್ಕೆ ಸರಿಯಾದ ಜಾಕ್, ಪ್ಯಾನೆಲ್, ಅರ್ತಿಂಗ್ ಎಲ್ಲಾ ಬೇಕು. ಅದಿಲ್ಲದೆ ಹಾಕಿದರೆ ದುಡ್ಡು ದಂಡ. ಆಫೀಸಿನಲ್ಲಿ ದೊಡ್ಡ ಮೋಟರ್ ಯಾವುದೂ ಇಲ್ಲ. ಶೀಲ್ಡ್ ಇಲ್ಲದ ಸಾದಾ ಕೇಬಲ್, ಅಂದರೆ ಯುಟಿಪಿ, ಸಾಕು.

ಮೂರನೇ ಭಾನುವಾರ

ಈ ದಿನ ಬೇಜಾರಾಯಿತು. ತಂದ ಬಾಕ್ಸ್ ಎತ್ತಿದಾಗಲೇ ಹಗುರ ಅನ್ನಿಸಿತು. ಮೇಲೆ ಕ್ಯಾಟ್ 6 ಅಂತ ದಪ್ಪಕ್ಷರದಲ್ಲಿ ಇದೆ. ಒಂದು ತಂತಿ ಸುಲಿದು ಬ್ಲೇಡಿನಿಂದ ಕೆರೆದೆ. ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಹೊಳೆಯಿತು. ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳನೆ ತಾಮ್ರದ ಲೇಪ. ಇದನ್ನೇ ಸಿಸಿಎ ಅನ್ನುತ್ತಾರೆ.

ಕ್ಯಾಟ್ 6 ಅನ್ನಬೇಕಾದರೆ ತಂತಿ ಪೂರ್ತಿ ತಾಮ್ರವೇ ಇರಬೇಕು, ಸ್ಟ್ಯಾಂಡರ್ಡ್ ಹೇಳುವುದೇ ಹಾಗೆ. ಅಲ್ಯೂಮಿನಿಯಂ ವಿದ್ಯುತ್ ಹರಿಸುವುದು ತಾಮ್ರದ ಸುಮಾರು 60 ಶೇಕಡಾ ಮಾತ್ರ. ನಮ್ಮ ಕ್ಯಾಮೆರಾಗಳಿಗೆ ಕರೆಂಟ್ ಕೂಡ ಇದೇ ಕೇಬಲಿನಲ್ಲಿ ಹೋಗಬೇಕು. ಸಿಸಿಎ ಆದರೆ ಕೇಬಲ್ ಬಿಸಿಯಾಗುತ್ತದೆ, ಆ ತುದಿಯಲ್ಲಿ ವೋಲ್ಟೇಜ್ ಸಾಲುವುದಿಲ್ಲ. ಎರಡು ಮೂರು ಸಲ ಬಗ್ಗಿಸಿದರೆ ತಂತಿ ಪಟ್ ಅಂತ ಮುರಿಯುತ್ತದೆ. ಹಳೆಯ ಲೈನಿನ ತುಂಡಾದ ತಂತಿಯನ್ನೂ ಕೆರೆದು ನೋಡಿದೆ. ಅದೂ ಬೆಳ್ಳಗೇ ಇತ್ತು.

ಬಾಕ್ಸ್ ವಾಪಸ್ ಕೊಟ್ಟೆ. ಹೊಸದನ್ನು ಅಂಗಡಿಯಲ್ಲೇ ಕೆರೆದು ನೋಡಿ ತಂದೆ. ಈ ಸಲ ಒಳಗೂ ಹೊರಗೂ ಕೆಂಪು. ತೂಕವೂ ಜಾಸ್ತಿ. ದುಡ್ಡೂ ಜಾಸ್ತಿ ಆಯಿತು. ಮಾವ ಬಿಲ್ ನೋಡಿ ಏನೂ ಅನ್ನಲಿಲ್ಲ, ಎರಡು ತಂತಿ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ನಾಲ್ಕನೇ ಭಾನುವಾರ

ಎಲೆಕ್ಟ್ರಿಷಿಯನ್ ಅಣ್ಣ ಕರೆಂಟ್ ವೈರಿನ ಪೈಪಿನಲ್ಲೇ ಇದನ್ನೂ ಎಳೆಯೋಣ ಅಂದರು. ಬೇಡ ಅಣ್ಣ ಅಂದೆ. ಬೇರೆ ಪೈಪ್ ಹಾಕಿಸಿದೆ, ನಡುವೆ ಒಂದು ಗೇಣು ಜಾಗ. ಎರಡೂ ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆವು. ಎಳೆಯುವಾಗ ಜಗ್ಗಬಾರದು, ಜಗ್ಗಿದರೆ ಹುರಿ ಹಿಗ್ಗುತ್ತದೆ. ಅಣ್ಣನಿಗೆ ಅದು ಹೇಳಿದ ಕೂಡಲೇ ಅರ್ಥವಾಯಿತು. ಪ್ರತಿ ಬೆಂಡಿನಲ್ಲಿ ನಿಂತು ನಿಧಾನವಾಗಿ ಬಿಟ್ಟರು.

ತುದಿ ಕೂರಿಸುವುದು ನನ್ನದು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ಚೀಟಿಯಲ್ಲಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿದ್ದೇನೆ. ಮುಂದೆ ಯಾರು ಬಂದರೂ ಇದೇ ಸಾಲು ಹಿಡಿಯಲಿ. ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಲಿಲ್ಲ.

ಹನ್ನೊಂದು ಪಾಯಿಂಟ್ ಮುಗಿದಿದೆ, ಎಲ್ಲಾ 1000 ತೋರಿಸುತ್ತಿವೆ. 4 ಜಿಬಿ ಬ್ಯಾಕಪ್ ಫೈಲ್ ಸರ್ವರ್‌ಗೆ ಹೋಗೋಕೆ ಮುಂಚೆ ಆರು ನಿಮಿಷ ದಾಟುತ್ತಿತ್ತು. ಈಗ ಮುಕ್ಕಾಲು ನಿಮಿಷ. ಆಫೀಸಿನ ಅಕ್ಕ ನಂಬದೆ ಎರಡನೇ ಸಲ ಕಳಿಸಿ ನೋಡಿದರು.

ಬಾಕಿ ಇರುವುದು ಮೂರು ಕ್ಯಾಮೆರಾ, ಮತ್ತೆ ಹಿತ್ತಲಿನ ಹಳೇ ಫೈಲುಗಳ ರೂಮು. ಆ ರೂಮು 40 ಮೀಟರ್ ದೂರ, ಅದಕ್ಕೆ ಕರೆಂಟ್ ಮೀಟರ್ ಬೇರೆ, ಅರ್ತಿಂಗ್ ಬೇರೆ. ಅಲ್ಲಿಗೆ ತಾಮ್ರ ಎಳೆಯುವುದಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ಗುಡುಗು ಸಿಡಿಲು ಗೊತ್ತಲ್ಲ, ಆ ತಂತಿ ಹಿಡಿದು ಸ್ವಿಚ್ ತನಕ ಬಂದರೆ ಎಲ್ಲಾ ಹೋಗುತ್ತದೆ. ಒಳಗೆ ಲೋಹವೇ ಇಲ್ಲದ ಫೈಬರ್ ಹೇಳಿದ್ದೇನೆ. ಮುಂದಿನ ವಾರ ಬರುತ್ತದೆ.