ಹದಿನಾರು ಸಾವಿರದ ರಾತ್ರಿ, ಮನೆಯಿಂದ ಹದಿನೆಂಟು ಕಿಲೋಮೀಟರ್

ಬಿಲ್ಲು ಓದುವುದೇ ನನ್ನ ಹೊಟ್ಟೆಪಾಡು. ಮೊದಲು ವ್ಯಾಟ್, 2017ರ ಜುಲೈನಿಂದೀಚೆಗೆ ಜಿಎಸ್‌ಟಿ ಎಂದು ಹೆಸರು ಬದಲಾಯಿತೇ ಹೊರತು, ಗಂಗಾವತಿಯ ಅಕ್ಕಿ ಗಿರಣಿಗಳಿಗೂ ಗೊಬ್ಬರದ ಅಂಗಡಿಗಳಿಗೂ ಬಸ್ ನಿಲ್ದಾಣದ ಸುತ್ತಲಿನ ಒಂದೆರಡು ಲಾಡ್ಜುಗಳಿಗೂ ತೆರಿಗೆ ಲೆಕ್ಕ ಬರೆದುಕೊಡುವ ನನ್ನ ಕೆಲಸ ಬದಲಾಗಿಲ್ಲ. ಹಾಗಾಗಿ, ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಬೆಂಗಳೂರಿನಲ್ಲಿರುವ ಮಗಳು, ಹಂಪಿಯ ಎದುರು ದಂಡೆಯ ಆನೆಗೊಂದಿ ಭಾಗದ ಒಂದು ದುಬಾರಿ ಹೋಟೆಲಿನಲ್ಲಿ ಎರಡು ರಾತ್ರಿಗೆ ಕೊಠಡಿ ಕಾಯ್ದಿರಿಸಿ ಅದರ ಪ್ರತಿಯನ್ನು ಮೊಬೈಲಿಗೆ ಕಳಿಸಿದಾಗ, ಫೋಟೋಗಳನ್ನು ನೋಡುವ ಮೊದಲೇ ನನ್ನ ಕಣ್ಣು ಕೆಳಗಿನ ಸಾಲುಗಳಿಗೆ ಹೋಯಿತು. ರಾತ್ರಿಗೆ 14,000 ರೂಪಾಯಿ, ಎರಡು ರಾತ್ರಿಗೆ 28,000, ಅದರ ಮೇಲೆ ಶೇಕಡಾ 18ರಂತೆ ತೆರಿಗೆ 5,040, ಒಟ್ಟು 33,040, ಅಂದರೆ ರಾತ್ರಿಗೆ ಹದಿನಾರೂವರೆ ಸಾವಿರ. ಬೆಳಗಿನ ತಿಂಡಿ ಇದರಲ್ಲೇ ಸೇರಿತ್ತು, ಊಟ ಸೇರಿರಲಿಲ್ಲ. ಅರ್ಧ ಹಣವನ್ನು ನಾನೇ ಕೊಡುತ್ತೇನೆಂದು ಹಟ ಹಿಡಿದೆ. ಮಗಳ ದುಡ್ಡಿನಲ್ಲಿ ಮಲಗಿ ಬಂದು ದರದ ಬಗ್ಗೆ ತಕರಾರು ತೆಗೆಯುವುದು ಶೋಭಿಸುವುದಿಲ್ಲ, ತಕರಾರು ತೆಗೆಯದೆ ಇರುವುದು ನನ್ನಿಂದ ಆಗುವುದಿಲ್ಲ.

ಹೊರಡುವ ದಿನ ಪಕ್ಕದ ಮನೆಯ ಹಿರಿಯರು ಗೇಟಿನ ಬಳಿ ನಿಂತು ಕೇಳಿದರು: "ಅಲ್ರೀ, ಮನಿ ಬಿಟ್ಟು ಹದಿನೆಂಟು ಕಿಲೋಮೀಟರ್ ಹೋಗಿ ಮಲಗಾಕ ಮೂವತ್ತು ಸಾವಿರ ಕೊಡ್ತೀರೇನ್ರಿ?" ಅವರು ನಗೆಗೆ ಅಂದ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೂತಿತ್ತು, ಯಾಕೆಂದರೆ ಅದರಲ್ಲಿ ಲೆಕ್ಕದ ಒಂದು ಸೂಕ್ಷ್ಮವಿತ್ತು. ಬೆಂಗಳೂರಿನಿಂದಲೋ ಹೊರದೇಶದಿಂದಲೋ ಬರುವವರು ಕೊಡುವ ಹದಿನಾರು ಸಾವಿರದಲ್ಲಿ ಇಲ್ಲಿನ ಬಂಡೆಗಳೂ, ತುಂಗಭದ್ರೆಯೂ, ಅಂಜನಾದ್ರಿಯ ಮೇಲಿನ ಸೂರ್ಯೋದಯವೂ ಸೇರಿರುತ್ತವೆ, ಕೊಠಡಿ ಸಾಧಾರಣವಾಗಿದ್ದರೂ ಅವರಿಗೆ ಪ್ರಯಾಣ ನಷ್ಟವೆನಿಸುವುದಿಲ್ಲ. ನಮಗೆ ಹಾಗಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ನಾನು ಹರಕೆಗೆ, ಪರೀಕ್ಷೆಗೆ, ಮಗಳ ನೌಕರಿಗೆ ಎಂದು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ, ಬಂಡೆಗಳನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆದ್ದರಿಂದ ಹೊರಗಿನದನ್ನೆಲ್ಲ ಕಳೆದು, ಹೋಟೆಲು ತಾನಾಗಿ ಏನು ಕೊಡುತ್ತದೆ ಎಂದು ತೂಗಿ ನೋಡಲು ಊರವನಿಗಿಂತ ಸರಿಯಾದ ಗಿರಾಕಿ ಸಿಗಲಾರ.

ಕಟ್ಟಡ ಮೊದಲ ನೋಟಕ್ಕೆ ನಿಜವಾಗಿಯೂ ಚೆಂದವಿತ್ತು. ಕಮಾನುಗಳ ಮೇಲೆ ಕಮಾನು, ಅಂಗಳದ ನಡುವೆ ಮೆಟ್ಟಿಲುಬಾವಿಯಂಥ ಕೊಳ, ಸಂಜೆಗೆ ಗೂಡುಗೂಡಿನಲ್ಲಿ ಹಣತೆ. ಹಂಪಿಯ ದೇವಾಲಯಗಳು ಕಂಬ ಮತ್ತು ತೊಲೆಗಳ ಮೇಲೆ ನಿಂತವು. ಕಮಾನು, ಗುಮ್ಮಟ ಕಾಣುವುದು ಕಮಲ ಮಹಲು, ಆನೆಲಾಯಗಳಂಥ ಅರಮನೆ ಕಡೆಯ ಕಟ್ಟಡಗಳಲ್ಲಿ, ಅದೂ ದಖ್ಖನಿನ ಸುಲ್ತಾನರ ಶೈಲಿಯನ್ನು ಒಳಗೊಂಡು. ಹೋಟೆಲಿನವರು ಅನುಕರಿಸಿದ್ದು ಕಮಲ ಮಹಲನ್ನೇ. ಆದರೆ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಅಚ್ಚಿನಲ್ಲಿ ಎರಕ ಹೊಯ್ದು ತಂದು ಕೂರಿಸಿದ ಹಲಗೆಗಳವು. ಕಲ್ಲಿನ ನಾಡಿನಲ್ಲಿ ಕಲ್ಲಿನ ಬಣ್ಣದ ಹಲಗೆಯೇಕೆ ಎಂದು ನನಗನ್ನಿಸಿತು, ಆದರೆ ಇದನ್ನು ದೊಡ್ಡ ದೋಷವೆಂದು ಬರೆಯಲಾರೆ.

ಬರೆಯಬೇಕಾದ್ದು ಕೊಠಡಿಯೊಳಗಿನ ಗೊಂಬೆಯ ವಿಷಯ. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಕೆಂಪು, ಹಸಿರು, ಚಿನ್ನದ ಬಣ್ಣದ ಒಂದು ಗರುಡನಿದ್ದ, ಪಕ್ಕದಲ್ಲಿ ಕಿನ್ನಾಳ ಕಲೆಯ ಬಗ್ಗೆ ನಾಲ್ಕು ಸಾಲಿನ ಅಂದವಾದ ಕಾರ್ಡು. ನನ್ನ ಹೆಂಡತಿಯ ತವರು ಕಿನ್ನಾಳದ ಮಗ್ಗುಲ ಹಳ್ಳಿ. ಗೊಂಬೆ ಮಾಡುವ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಹುಣಸೆಬೀಜದ ಸರಿ ಕುದಿಯುವ ವಾಸನೆಯನ್ನು ಬಾಲ್ಯದಿಂದ ಬಲ್ಲವಳು. ಅವಳು ಗರುಡನನ್ನು ಎತ್ತಿದವಳೇ ಹುಬ್ಬೇರಿಸಿ ನನ್ನ ಕೈಗೆ ಕೊಟ್ಟಳು: "ಹಿಡೀರಿ, ತೂಕ ನೋಡ್ರಿ." ಭಾರವಾಗಿತ್ತು. ಕಿನ್ನಾಳದ ಗೊಂಬೆಗೆ ಬಳಸುವುದು ಹಗುರ ಜಾತಿಯ ಮರ. ತುಂಡುಗಳನ್ನು ಜೋಡಿಸಿದ ಕಡೆ ಗೋಣಿನಾರನ್ನು ನೆನೆಸಿ, ಒಣಗಿಸಿ, ಕುಟ್ಟಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತುತ್ತಾರೆ, ಅದರ ಮೇಲೆ ಬಟ್ಟೆ, ಅದರ ಮೇಲೆ ಬಿಳಿಯ ಲೇಪ, ಆಮೇಲೆ ಬಣ್ಣ. ಮೊಳದುದ್ದದ ಗೊಂಬೆಯನ್ನೂ ಮಗು ಎತ್ತಿಕೊಂಡು ಓಡಾಡಬಹುದು. ಈ ಗರುಡನನ್ನು ತಲೆಕೆಳಗು ಮಾಡಿದರೆ ಪೀಠದ ಅಡಿಯಲ್ಲಿ ಎರಡು ಅಚ್ಚು ಕೂಡಿದ ಗೆರೆ ಕೂದಲೆಳೆಯಂತೆ ಕಾಣುತ್ತಿತ್ತು. ಕಿನ್ನಾಳ ಕೊಪ್ಪಳ ಜಿಲ್ಲೆಯದೇ ಊರು, ಹೋಟೆಲೂ ಇದೇ ಜಿಲ್ಲೆಯಲ್ಲಿದೆ. ರಾತ್ರಿಗೆ ಹದಿನಾರು ಸಾವಿರ ಎಣಿಸಿಕೊಳ್ಳುವವರು ಒಂದು ಕಾರು ಕಳಿಸಿ ನಿಜದ ಗೊಂಬೆ ತರಿಸಬಹುದಿತ್ತು. ಇದು ನನ್ನ ದುಃಖವಲ್ಲ, ಹೆಂಡತಿಯದು. ಎರಡು ದಿನವೂ ಆ ಗರುಡನ ಮುಖ ಗೋಡೆಯ ಕಡೆಗೇ ಇತ್ತು.

ಇಷ್ಟು ಹೇಳಿದ ಮೇಲೆ, ಆ ಕೊಠಡಿಯಲ್ಲಿ ನಾವು ಮಾಡಿದ ನಿದ್ದೆಯ ಬಗ್ಗೆಯೂ ಅಷ್ಟೇ ವಿವರವಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ಮನೆ ಇರುವುದು ಗಿರಣಿಗಳ ಸಾಲಿನ ಹಿಂದೆ. ಭತ್ತದ ಸುಗ್ಗಿಯಲ್ಲಿ ರಾತ್ರಿಯಿಡೀ ಲಾರಿಗಳು ತೂಕದ ಕಟ್ಟೆಗೆ ಹತ್ತಿಳಿಯುವ ಸದ್ದು, ಹೊಟ್ಟು ಸುಟ್ಟ ಕರಿಬೂದಿ ಬೆಳಗಾಗುವಷ್ಟರಲ್ಲಿ ಅಂಗಳದ ಮೇಲೆ, ಹಗ್ಗದ ಮೇಲಿನ ಬಟ್ಟೆಯ ಮೇಲೆ. ಇದಕ್ಕೆಲ್ಲ ಒಗ್ಗಿಹೋಗಿದ್ದೇವೆ ಎಂದುಕೊಂಡಿದ್ದೆ. ಹೋಟೆಲಿನ ಕಿಟಕಿಗೆ ಎರಡು ಪದರದ ಗಾಜು, ಅದರ ಮೇಲೆ ಬೆಳಕಿನ ಒಂದು ಎಳೆಯನ್ನೂ ಒಳಗೆ ಬಿಡದ ದಪ್ಪ ಪರದೆ. ಏಸಿ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕೈಯನ್ನು ಗಾಳಿಗೆ ಒಡ್ಡಿ ನೋಡಬೇಕಾಯಿತು. ಹಾಸಿಗೆಯಲ್ಲಿ ಒಬ್ಬರು ಮಗ್ಗುಲಾದರೆ ಇನ್ನೊಬ್ಬರಿಗೆ ಅಲುಗಾಟ ತಾಗುತ್ತಿರಲಿಲ್ಲ. ಕರೆ ಮಾಡಿದರೆ ಗಟ್ಟಿಯದು, ಮೆತ್ತನೆಯದು, ಕುತ್ತಿಗೆನೋವಿನವರದು ಎಂದು ಬೇರೆ ಬೇರೆ ದಿಂಬು ತಂದುಕೊಡುತ್ತಿದ್ದರು. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿದ ಮೇಲೆ ಬಿಸಿನೀರು ಬರಲು ಎಷ್ಟು ಹೊತ್ತಾಗುತ್ತದೆ ಎಂದು ಎಣಿಸಿದೆ, ಐದರವರೆಗೆ ಎಣಿಸುವಷ್ಟರಲ್ಲಿ ಬಂತು. ಇಪ್ಪತ್ತೈದು ವರ್ಷಗಳಲ್ಲಿ ಐದು ಗಂಟೆಯ ನಂತರ ಹಾಸಿಗೆಯಲ್ಲಿದ್ದುದನ್ನು ನಾನು ಕಂಡಿರದ ನನ್ನ ಹೆಂಡತಿ, ಎರಡನೆಯ ದಿನ ಏಳುವರೆಗೆ ಎದ್ದು, ಗಡಿಯಾರ ಕೆಟ್ಟಿದೆಯೇ ಎಂದು ಕೇಳಿದಳು.

ಈ ನಿಶ್ಶಬ್ದಕ್ಕೆ ಖರ್ಚಿದೆಯೆಂಬುದು ನನ್ನ ಕಸುಬಿನವರಿಗೆ ಗೊತ್ತು. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ ಅಡುಗೆಗೂ ಕುಡಿಯಲೂ ನೀರನ್ನು ಶುದ್ಧೀಕರಿಸಬೇಕು, ಕರೆಂಟು ಹೋದಾಗ ಏಸಿ ಸಮೇತ ಎತ್ತಿ ಹಿಡಿಯುವ ಜನರೇಟರ್ ಬೇಕು, ನೌಕರರಿಗೆ ವಸತಿ ಬೇಕು. ಇವೆಲ್ಲ ವರ್ಷವಿಡೀ ನಡೆಯುವ ಖರ್ಚು. ಗಿರಾಕಿ ಬರುವುದು ಮಾತ್ರ ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ. ಬಳ್ಳಾರಿ, ತೋರಣಗಲ್ಲಿನ ದೊಡ್ಡ ಹೋಟೆಲುಗಳಿಗೆ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬರುವವರ ಆಸರೆ ಹನ್ನೆರಡು ತಿಂಗಳೂ ಇದೆ, ಮತ್ತು ಅಲ್ಲಿ ಮಲಗುವವರ ಬಿಲ್ಲನ್ನು ಕಂಪನಿ ಕಟ್ಟುವುದರಿಂದ ದರ ತಕ್ಕದ್ದೇ ಎಂಬ ಪ್ರಶ್ನೆ ಯಾರ ತಲೆಯಲ್ಲೂ ಏಳುವುದಿಲ್ಲ. ಹೊಳೆಯ ಈ ದಂಡೆಯಲ್ಲಿ ಐದು ತಿಂಗಳ ಗಿರಾಕಿ ಹನ್ನೆರಡು ತಿಂಗಳ ಖರ್ಚನ್ನು ಹೊರಬೇಕು.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಅದನ್ನು ದಾಟಿದರೆ ಹಿಂದಿನಂತೆಯೇ ಶೇಕಡಾ 18. ಅಂದರೆ 7,500ರ ಕೊಠಡಿಗೆ ನೀವು ಕಟ್ಟುವುದು 7,875. ಬಾಡಿಗೆ ಒಂದೇ ಒಂದು ರೂಪಾಯಿ ಏರಿ 7,501 ಆದರೆ 8,851 ರೂಪಾಯಿ 18 ಪೈಸೆ. ಒಂದು ರೂಪಾಯಿಗೆ ಒಂಬೈನೂರ ಎಪ್ಪತ್ತಾರು ರೂಪಾಯಿಯ ದಂಡ. 7,499 ಎಂಬ ದರವನ್ನು ನೀವು ಎಲ್ಲೆಲ್ಲೂ ಕಾಣುವುದು ಇದರಿಂದಲೇ. ಶೇಕಡಾ 5ರ ಹೋಟೆಲಿನವರಿಗೆ ತಾವು ಕೊಳ್ಳುವ ಹಾಸಿಗೆ, ಸೋಪು, ಲಾಂಡ್ರಿಯ ಮೇಲೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ, ಶೇಕಡಾ 18ರವರಿಗೆ ಸಿಗುತ್ತದೆ. ಆದರೂ ಕಟ್ಟಡ ಕಟ್ಟಿಸಿದ ಖರ್ಚಿನ ಮೇಲೆ ಇಬ್ಬರಿಗೂ ಇಲ್ಲ. ಒಟ್ಟಿನಲ್ಲಿ ನಮ್ಮ 33,040ರಲ್ಲಿ 5,040 ಹೋಟೆಲಿನವರ ಗಲ್ಲಾಪೆಟ್ಟಿಗೆಯ ಹಣವಲ್ಲ, ಅದರ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳಬಾರದು.

ಊಟದ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಬಹುದು. ಮೊದಲ ರಾತ್ರಿ ತಲಾ 1,600 ರೂಪಾಯಿಯ ವಿಜಯನಗರದ ರಾಜಭೋಜನ ತರಿಸಿದೆವು. ಹಿತ್ತಾಳೆಯ ಅಗಲವಾದ ತಟ್ಟೆ, ಹದಿನಾಲ್ಕು ಬಟ್ಟಲು. ಕೃಷ್ಣದೇವರಾಯ ಉಣ್ಣುತ್ತಿದ್ದನೆಂದು ವರ್ಣಿಸಿದ ಬಟ್ಟಲುಗಳಲ್ಲಿ ಎರಡರಲ್ಲಿ ಆಲೂಗಡ್ಡೆ, ಮೂರರಲ್ಲಿ ಟೊಮ್ಯಾಟೊ ಇತ್ತು. 1529ರಲ್ಲಿ ತೀರಿಕೊಂಡ ಅರಸ ಇವೆರಡನ್ನೂ ಕಣ್ಣಾರೆ ಕಂಡವನಲ್ಲ. (ನಾನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ಶೇಂಗಾ ಚಟ್ನಿಪುಡಿಯೂ ಅಮೆರಿಕದಿಂದ ಬಂದ ಬೀಜದ್ದೇ, ಅದನ್ನು ಒಪ್ಪುತ್ತೇನೆ.) ಚರಿತ್ರೆ ಹಾಳಾಗಲಿ, ರೊಟ್ಟಿಯಾದರೂ ರೊಟ್ಟಿಯಾಗಿರಬೇಕಿತ್ತು. ಅಂಗೈಯಗಲದ ಜೋಳದ ರೊಟ್ಟಿಗಳನ್ನು ಮುಚ್ಚಳದ ಪಾತ್ರೆಯಲ್ಲಿಟ್ಟಿದ್ದರಿಂದ ಹಬೆ ಕುಡಿದು, ಹರಿದರೆ ಹರಿಯದೆ ರಬ್ಬರಿನಂತೆ ಎಳೆಯುತ್ತಿದ್ದವು. ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳಿನ ಬದಲು ಗೋಡಂಬಿ ಅರೆದು ಹಾಕಿದ್ದರು, ಸಿಹಿ ಸಿಹಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುವ ಜಿಲ್ಲೆಯಿದು. ಹಿಟ್ಟು ನಾದಿ ಬಡಿದು ಕೊಡಬಲ್ಲ ಹೆಣ್ಣುಮಕ್ಕಳು ಹೋಟೆಲಿನ ಕಾಂಪೌಂಡಿನ ಆಚೆಯೇ ಇದ್ದಾರೆ. ಬೆಳಗಿನ ತಿಂಡಿಯಲ್ಲಿ ಏಳು ಬಗೆಯ ಬ್ರೆಡ್ಡು ಇತ್ತು, ಚೆನ್ನಾಗಿಯೂ ಇತ್ತು. ನಮ್ಮ ಕಡೆಯ ಮಂಡಕ್ಕಿ ಒಗ್ಗರಣಿ-ಮಿರ್ಚಿ ಮಾತ್ರ ಇರಲಿಲ್ಲ.

ಕೆಲಸದವರ ಬಗ್ಗೆ ಒಂದು ಮಾತು. ನಮ್ಮ ಕೊಠಡಿಯ ಹುಡುಗ ಮೊದಲ ದಿನ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸಿದ. ಊರು ಯಾವುದಪ್ಪ ಎಂದು ಹೆಂಡತಿ ಕೇಳಿದಾಗ ಅತ್ತಿತ್ತ ನೋಡಿ, "ಇಲ್ಲೇ ಮಲ್ಲಾಪುರ್ರೀ ಅಕ್ಕಾರ" ಎಂದ. ಅಲ್ಲಿಂದ ಮುಂದೆ ಅವನಿಂದ ನಮಗೆ ದೊರೆತಷ್ಟು ಅಕ್ಕರೆ ಬೇರಾರಿಂದಲೂ ದೊರೆಯಲಿಲ್ಲ. 2020ರ ಫೆಬ್ರವರಿಯ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಮಾರ್ಚ್‌ನಲ್ಲಿ ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದಾಗ ಅವನ ಅಣ್ಣನ ಕೆಲಸ ಹೋಯಿತಂತೆ. ಅಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತಿದ್ದ ಹುಲ್ಲುಮಾಡಿನ ಕೊಠಡಿಯಲ್ಲಿ ಸೊಳ್ಳೆಯೂ ಇತ್ತು, ಎದುರಿಗೆ ಭತ್ತದ ಗದ್ದೆಯೂ ಇತ್ತು. ಹೋಟೆಲಿನವರು ತಲಾ 2,500 ರೂಪಾಯಿಗೆ ಮಾರುತ್ತಿದ್ದ ತೆಪ್ಪದ ವಿಹಾರಕ್ಕೆ ಹೋಗಬೇಡಿರೆಂದೂ, ಕೆರೆಯ ದಂಡೆಗೆ ನೀವೇ ನಡೆದು ಹೋದರೆ ಅದರ ಕಾಲುಭಾಗಕ್ಕೆ ಅದೇ ನೀರು, ಅದೇ ತೆಪ್ಪ ಎಂದೂ ದನಿ ತಗ್ಗಿಸಿ ಹೇಳಿದವನು ಅವನೇ.

ಹೊರಡುವಾಗ ಬಂದ ಊಟದ ಬಿಲ್ಲಿನಲ್ಲಿ 3,200ರ ಮೇಲೆ ಶೇಕಡಾ 10ರ ಸೇವಾ ಶುಲ್ಕವೆಂದು 320, ಅದನ್ನೂ ಸೇರಿಸಿ ಶೇಕಡಾ 18 ತೆರಿಗೆ, ಒಟ್ಟು 4,153 ರೂಪಾಯಿ 60 ಪೈಸೆ ಇತ್ತು. ಬಿಲ್ಲಿಗೆ ತಾನಾಗಿ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹೇಳಿದೆ. ಕೌಂಟರಿನ ಹೆಣ್ಣುಮಗಳು ವಾದಕ್ಕಿಳಿಯದೆ ತೆಗೆದಳು, ಬಿಲ್ಲು 3,776ಕ್ಕೆ ಬಂತು. ಅಷ್ಟು ಸಲೀಸಾಗಿ ತೆಗೆದದ್ದನ್ನು ನೋಡಿದರೆ ಕೇಳುವವರಿಗೆ ತೆಗೆಯುವುದು, ಕೇಳದವರಿಗೆ ಬಿಡುವುದು ಅವರ ರೂಢಿಯೆಂದು ತೋರಿತು. ಉಳಿದ 377 ರೂಪಾಯಿಗೆ ಇನ್ನಷ್ಟು ಕೂಡಿಸಿ ಮಲ್ಲಾಪುರದ ಹುಡುಗನ ಕೈಯಲ್ಲಿಟ್ಟೆ.

ಪಕ್ಕದ ಮನೆಯವರಿಗೆ ನಾನು ಕೊಟ್ಟ ಲೆಕ್ಕ ಇಷ್ಟು: ನಿದ್ದೆ, ಸ್ನಾನದ ಮನೆ, ಕೆಲಸದವರ ಮರ್ಯಾದೆ ಇವಕ್ಕೆ ರಾತ್ರಿಗೆ ಎಂಟು ಸಾವಿರದವರೆಗೆ ಬೇಸರವಿಲ್ಲದೆ ಕೊಡಬಹುದು, ಉಳಿದದ್ದು ಟೊಳ್ಳು ಕಮಾನಿಗೆ, ಭಾರದ ಗರುಡನಿಗೆ, ನಾವು ಪುಕ್ಕಟೆ ನೋಡುವ ಬಂಡೆಗಳಿಗೆ. ಅವರು ತಲೆಯಾಡಿಸಿದರು. ಒಳಗಿನಿಂದ ಹೆಂಡತಿ ಮೊಬೈಲು ಹಿಡಿದು ಬಂದಳು. ಅದೇ ಹೋಟೆಲು, ಅದೇ ಕೊಠಡಿ, ಏಪ್ರಿಲ್ ಎರಡನೆಯ ವಾರ, ವಾರದ ನಡುವಿನ ದಿನ, 7,200 ರೂಪಾಯಿ. ಶೇಕಡಾ 5 ಸೇರಿದರೆ 7,560 ಎಂದು ನಾನು ಹೇಳುವ ಮೊದಲೇ ಅವಳು ಹೇಳಿದಳು. ಗಂಗಾವತಿಯ ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಮುಟ್ಟುತ್ತದೆ, ಬಂಡೆಗಳು ರಾತ್ರಿಯೂ ಕಾವು ಉಗುಳುತ್ತವೆ, ಆ ನಾಡಿನಲ್ಲಿ ಅಂಥ ಏಸಿಯ ಕೆಳಗಿನ ಒಂದು ರಾತ್ರಿಗೆ ಅಷ್ಟು ಕೊಡಲು ನನ್ನ ಅಭ್ಯಂತರವಿರಲಿಲ್ಲ.

"ಒಂದ ರಾತ್ರಿಗೆ ಸಾಕ್ರಿ," ಎಂದಳು. "ರೊಟ್ಟಿ ನಾ ಮಾಡ್ಕೊಂಡು ಬರ್ತೀನಿ."